ವಾಂತಿ ಆದ್ರೆ "ಟಾಕ್ಸಿನ್ ಹೋಗ್ತಾ ಉಂಟು" ಅಂತೆ!

ಕಳೆದ ತಿಂಗಳು ನಮ್ಮ ಚಿಕ್ಕಮ್ಮ ವಾಟ್ಸಾಪಲ್ಲಿ 7 ದಿನದ ಡಿಟಾಕ್ಸ್ ಕೋರ್ಸಿಗೆ, ಅಂದ್ರೆ ದೇಹದ ಟಾಕ್ಸಿನ್ (ವಿಷ) ಹೊರಗೆ ಹಾಕ್ತೇವೆ ಅನ್ನೋ ಕೋರ್ಸಿಗೆ ಸೇರಿದ್ರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಗ್ಲಾಸಲ್ಲಿ ಸೋರೆಕಾಯಿ ಜ್ಯೂಸು, ಅದಕ್ಕೆ ನೆಲ್ಲಿಕಾಯಿ, ಶುಂಠಿ, ಪುದೀನ, ಮಧ್ಯಾಹ್ನದವರೆಗೆ ಬೇರೆ ಎಂತದೂ ಇಲ್ಲ. ಮೂರನೇ ದಿನ ಜ್ಯೂಸು ವಿಪರೀತ ಕಹಿ ಇತ್ತಂತೆ, ಔಷಧಿ ಅಲ್ವಾ ಅಂತ ಮೂಗು ಹಿಡ್ಕೊಂಡು ಕುಡ್ದಿದ್ದಾರೆ. ಅರ್ಧ ಗಂಟೆಲಿ ವಾಂತಿ, ಭೇದಿ, ಹೊಟ್ಟೆ ಹಿಂಡಿ ಹಾಕೋ ನೋವು. ಗ್ರೂಪಲ್ಲಿ ಕೇಳಿದ್ರೆ ಕೋಚ್ ಹೇಳಿದ್ದೆಂತ ಗೊತ್ತುಂಟಾ? "ಗುಡ್, ಟಾಕ್ಸಿನ್ ಹೊರಗೆ ಹೋಗ್ತಾ ಉಂಟು, ನಿಲ್ಲಿಸ್ಬೇಡಿ." ಕೆಳಗೆ ಹತ್ತು ಜನರ ಚಪ್ಪಾಳೆ ಇಮೋಜಿ. ವಾಂತಿಲಿ ರಕ್ತ ಕಂಡ ಮೇಲೆ ಚಿಕ್ಕಪ್ಪ ಹೆದರಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಎರಡು ದಿನ ಡ್ರಿಪ್ಪು.

ಡಿಟಾಕ್ಸಲ್ಲಿ ತೂಕ ಇಳಿಯೋದು ಸುಳ್ಳಲ್ಲ, ಆದ್ರೆ ಮೊದಲ ದಿನಗಳಲ್ಲಿ ಇಳಿಯೋದು ಹೆಚ್ಚಿನದ್ದು ನೀರು, ಊಟ ಶುರು ಮಾಡಿದ್ರೆ ವಾಪಸ್ ಬರ್ತದೆ. ಒಳಗೆ ಕ್ಲೀನ್ ಮಾಡ್ಲಿಕ್ಕೆ ಲಿವರ್ ಉಂಟು, ಕಿಡ್ನಿ ಉಂಟು, ಕಿಡ್ನಿ ಒಂದೇ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸ್ತದೆ, ಸಂಬಳ ಕೇಳೋದಿಲ್ಲ. ಇಷ್ಟಕ್ಕೂ ಹೋಗೋ ಟಾಕ್ಸಿನ್ನಿನ ಹೆಸ್ರೆಂತ ಅಂತ ಕೇಳಿ ನೋಡಿ, ಯಾವ ಕೋಚೂ ಹೇಳೋದಿಲ್ಲ.

ಇಲ್ಲಿ ನಿಜವಾದ ಟಾಕ್ಸಿನ್ ಇದ್ದದ್ದು ಗ್ಲಾಸಲ್ಲೇ! ಸೋರೆ, ಸೌತೆ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಅಂತ ಕಹಿ ವಿಷ ಒಮ್ಮೊಮ್ಮೆ ಜಾಸ್ತಿ ಆಗ್ತದೆ, ಹೊರಗಿಂದ ನೋಡಿದ್ರೆ ಗೊತ್ತಾಗೋದಿಲ್ಲ, ನಾಲಗೆಗೆ ಮಾತ್ರ ಗೊತ್ತಾಗ್ತದೆ. ನಮ್ಮ ಅಜ್ಜಿ ಸೌತೆಕಾಯಿ ತೊಟ್ಟಿನ ಕಡೆ ಒಂದು ಚೂರು ಕೊಯ್ದು ಬಾಯಿಗೆ ಹಾಕದೆ ಹೋಳು ಮಾಡ್ತಾ ಇರ್ಲಿಲ್ಲ. ಕಹಿ ಆದ್ರೆ ಸೀದಾ ಗೊಬ್ಬರದ ಗುಂಡಿಗೆ. ಪಲ್ಯದಲ್ಲಾದ್ರೂ ಒಂದು ತುತ್ತಿಗೆ ಉಗೀತೇವೆ, ಜ್ಯೂಸಲ್ಲಿ ಅರ್ಧ ಕಾಯಿ ಒಂದೇ ಸಲ ಗಂಟಲಿಗಿಳೀತದೆ, ಶುಂಠಿ ನೆಲ್ಲಿಕಾಯಿ ಸೇರಿ ಒಮ್ಮೊಮ್ಮೆ ಕಹಿಯನ್ನೂ ಮುಚ್ಚಿ ಹಾಕ್ತವೆ.

2010ರಲ್ಲಿ ದೆಹಲಿಯಲ್ಲಿ ಒಬ್ರು ವಿಜ್ಞಾನಿ ಸೋರೆಕಾಯಿಗೆ ಹಾಗಲಕಾಯಿ ಸೇರಿಸಿದ ಜ್ಯೂಸ್ ಕುಡಿದು ತೀರಿಹೋದ್ರು. ಹಾಗಲ ಹೇಗೂ ಕಹಿಯೇ, ಸೋರೆದು ಕಹಿಯಾ ಅಂತ ಹೇಗೆ ಗೊತ್ತಾಗ್ಬೇಕು? ಆಮೇಲೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತಜ್ಞರ ಸಮಿತಿ ಮಾಡಿ ಇದನ್ನೇ ಹೇಳ್ತು, ಜ್ಯೂಸ್ ಮಾಡೋ ಮೊದ್ಲು ಚೂರು ರುಚಿ ನೋಡಿ, ಕಹಿಯಾದ್ರೆ ಬಿಸಾಡಿ, ಬೇರೆ ಜ್ಯೂಸ್ ಜೊತೆ ಬೆರೆಸ್ಬೇಡಿ, ಕುಡಿದು ವಾಂತಿ ಭೇದಿ ಶುರುವಾದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ ಮಾರ್ರೆ.

ನಮ್ಮ ತುಳುನಾಡ ಕಡೆ ಆಟಿ ತಿಂಗಳ ಅಮಾವಾಸ್ಯೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಹಿ ಕಷಾಯ ಕುಡಿಯೋದಿಲ್ವಾ ಅಂತ ಕೇಳ್ಬಹುದು. ಕುಡೀತೇವೆ, ನಾನೂ ಕುಡೀತೇನೆ. ವರ್ಷಕ್ಕೊಂದು ದಿನ, ಹಿಂದೆಯೇ ಮೆಂತೆ ಗಂಜಿ. ಅದರಲ್ಲೂ ಮರ ಗುರ್ತಿಲ್ಲದೆ ಕತ್ತಲಲ್ಲಿ ಕಾಸರಕ ಅನ್ನೋ ವಿಷದ ಮರದ ಕೆತ್ತೆ ತಂದ್ರೆ ಕಥೆ ಮುಗೀತು, ಹಾಗಾಗಿ ಮರ ಗೊತ್ತಿದ್ದವರೇ ತರ್ಬೇಕು.

ಚಿಕ್ಕಮ್ಮ ಆಸ್ಪತ್ರೆಲಿ ಇದ್ದಾಗ್ಲೇ ಗ್ರೂಪು ಬಿಟ್ಟಿದ್ರು. ಆದ್ರೂ ಎಂಟನೇ ದಿನ ಅವ್ರ ನಂಬರಿಗೆ ಪಿಡಿಎಫ್ ಬಂತು, ಕೋರ್ಸು ಯಶಸ್ವಿಯಾಗಿ ಮುಗಿಸಿದ್ದಕ್ಕೆ ಸರ್ಟಿಫಿಕೇಟು. ಚಿಕ್ಕಪ್ಪ ಅದನ್ನ ಪ್ರಿಂಟ್ ತೆಗೆಸಿ ಫ್ರಿಜ್ಜಿಗೆ ಅಂಟಿಸಿದ್ದಾರೆ, ತರಕಾರಿ ಡಬ್ಬಿ ತೆಗಿಯುವಾಗೆಲ್ಲ ಕಾಣೋ ಹಾಗೆ.