ವೆಬ್‌ಸೈಟ್ ಬದಲಾಯಿಸುವ ಮೊದಲು ಅದನ್ನು ಯಾರಾದರೂ ಪೂರ್ತಿ ಓದಬೇಕು

ನಾಟಿ ಅಂತ ಒಂದು ವಾರ ರಜೆ ಹಾಕಿ ಊರಿಗೆ ಬಂದಿದ್ದೇನೆ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮ ಮನೆ. ಕೆಲಸ ಬೇರೆ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ, ಹೆಸರು ಇಲ್ಲಿ ಬೇಡ. ನಮ್ಮ ವಿಭಾಗದ ವೆಬ್‌ಸೈಟನ್ನು ಹೊಸ ಪ್ಲಾಟ್‌ಫಾರ್ಮ್‌ಗೆ ಒಯ್ಯಬೇಕು ಅಂತ ತೀರ್ಮಾನವಾಗಿದೆ, ಅದಕ್ಕೆ ಬೇಕಾದ ತಯಾರಿಯನ್ನು ನನಗೆ ವಹಿಸಿದ್ದಾರೆ. ಹಗಲು ಗದ್ದೆ, ಸಂಜೆ ಲ್ಯಾಪ್‌ಟಾಪ್. ನೋಡಿದವರೆಲ್ಲ ಕೇಳುವುದು ಒಂದೇ ಮಾತು, ಅದು ಕಂಪ್ಯೂಟರ್‌ನವರ ಕೆಲಸ ಅಲ್ವಾ, ನಿಮಗ್ಯಾಕೆ?

ಕಂಪ್ಯೂಟರ್‌ನವರು ಫೈಲುಗಳನ್ನು ಅಲ್ಲಿಂದ ಇಲ್ಲಿಗೆ ತಂದು ಕೊಡುತ್ತಾರೆ, ಅಚ್ಚುಕಟ್ಟಾಗಿಯೇ ಕೊಡುತ್ತಾರೆ. ಆದರೆ ಯಾವ ಪುಟದಲ್ಲಿ ಇರುವುದು ಇವತ್ತಿಗೂ ಸರಿ, ಯಾವುದು ಯಾವತ್ತೋ ತಪ್ಪಾಗಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿರುವುದು ವಿಭಾಗದಲ್ಲಿ ಪಾಠ ಮಾಡುವವರಿಗೆ, ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುವವರಿಗೆ. ಅದಕ್ಕೇ ಹೇಳುತ್ತಿದ್ದೇನೆ, ಇದು ನಮ್ಮ ಕೆಲಸ.

ಮೊದಲು ಪಟ್ಟಿ ಮಾಡಿದೆ. ಪುಟದ ವಿಳಾಸ, ಅದನ್ನು ಯಾರು ನೋಡಿಕೊಳ್ಳುತ್ತಾರೆ, ಕೊನೆಯ ಸಲ ತಿದ್ದಿದ್ದು ಯಾವಾಗ, ಇಟ್ಟುಕೊಳ್ಳಬೇಕಾ ತೆಗೆಯಬೇಕಾ. ಅಷ್ಟೇ ಕಾಲಂ. ಪಿಡಿಎಫ್‌ಗಳೂ ಸೇರಿ 400 ದಾಟಿತು. ಕೆಲವನ್ನು ತೆಗೆಯಲು ಯೋಚನೆಯೇ ಬೇಕಾಗಲಿಲ್ಲ. ಫ್ಲ್ಯಾಶ್ ಅನ್ನುವ ಹಳೆಯ ತಂತ್ರಾಂಶದಲ್ಲಿ ಮಾಡಿದ ಕ್ಯಾಂಪಸ್ ಸುತ್ತಾಟದ ಪುಟ ಒಂದಿತ್ತು, ಅಡೋಬಿಯವರು 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ನಿಲ್ಲಿಸಿದ ಮೇಲೆ ಅದು ತೆರೆಯುವುದೇ ಇಲ್ಲ. ಮುಗಿದುಹೋದ ಸೆಮಿನಾರ್‌ಗಳ ಮುಂದೆ 'ಹೊಸದು' ಅಂತ ಇನ್ನೂ ಮಿನುಗುತ್ತಿತ್ತು. ಇವೆಲ್ಲ ಹೋಗಲಿ.

ನಿಜವಾದ ಕಷ್ಟ ಗೊತ್ತಾಗಿದ್ದು ಅಕ್ಕನ ಮಗಳಿಂದ. ಈ ವರ್ಷ ಪಿಯುಸಿ ಮುಗಿಸಿದ್ದಾಳೆ. ನಮ್ಮ ಮನೆಯಲ್ಲಿ ಕಾಫಿ ಕಣದ ಒಂದು ಮೂಲೆಗೆ ಹೋದರೆ ಮಾತ್ರ ಸಿಗ್ನಲ್ ಸಿಗುತ್ತದೆ. ಅಲ್ಲಿ ಕೊಡೆ ಹಿಡಿದು ನಿಂತು ನಮ್ಮ ವಿಭಾಗದ ಸಿಲಬಸ್ ಡೌನ್‌ಲೋಡ್‌ಗೆ ಹಾಕಿದಳು. ಸ್ಕ್ಯಾನ್ ಮಾಡಿದ ಆರು ಹಾಳೆ, 22 ಎಂಬಿ. ಅರ್ಧಕ್ಕೆ ನಿಂತಿತು. ಇನ್ನೊಂದು ಪುಟ ತೆರೆದು, "ಮಾವ, ಇದು ಯಾವ ಭಾಷೆ?" ಅಂತ ಫೋನ್ ನನ್ನ ಕೈಗೆ ಕೊಟ್ಟಳು. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀಟು, ಚುಕ್ಕಿ, ಕೊಕ್ಕೆ. ಒಂದು ಪದವೂ ಓದಲು ಬರುವುದಿಲ್ಲ. ಅದು ನಮ್ಮ ಪ್ರವೇಶದ ನಿಯಮಗಳ ಪುಟ. ವಿಭಾಗದ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇದೆ, ಹಾಗಾಗಿ ನಮಗೆ ಅದು ಇಷ್ಟು ವರ್ಷ ಕನ್ನಡವಾಗಿಯೇ ಕಾಣುತ್ತಿತ್ತು. ನನಗೆ ನಾಚಿಕೆಯಾಯಿತು. ನಾವು ಯಾರಿಗಾಗಿ ಆ ಪುಟ ಹಾಕಿದ್ದೆವೋ ಅವರಿಗೇ ಅದು ಕಾಣುತ್ತಿರಲಿಲ್ಲ.

ಕಾರಣ ಗೊತ್ತಿರುವವರಿಗೆ ಗೊತ್ತು. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಡೆ ಒಂದೇ ಸಂಕೇತ ಇರುವ ವ್ಯವಸ್ಥೆಯವಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ಒಳಗಿರುವ ಇಂಗ್ಲಿಷ್ ಅಕ್ಷರವೇ ಹೊರಗೆ ಬರುತ್ತದೆ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಇಂಥ ಪುಟ ಸಿಗುವುದೇ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಫೋನ್ ಓದಿ ಹೇಳಬೇಕಾದರೂ ಇದೇ ತೊಂದರೆ, ಸ್ಕ್ಯಾನ್ ಮಾಡಿದ ಹಾಳೆಯಂತೂ ಬರೀ ಫೋಟೋ.

ಹಳೆಯ ಫಾಂಟ್‌ನಲ್ಲಿರುವುದನ್ನು ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಇದೆಯಲ್ಲ, ಹಾಕಿದರೆ ಆಯ್ತು ಅಂತ ನಾನೂ ಅಂದುಕೊಂಡಿದ್ದೆ. ನನಗೆ ಸಿಕ್ಕಿದ ಕನ್ವರ್ಟರ್‌ನಲ್ಲಿ ಹಾಕಿದೆ. 'ವಿದ್ಯಾರ್ಥಿ' ಹೋಗಿ 'ವಿದ್ಯಾಥಿರ್' ಬಂತು. 'ಅರ್ಜಿ' ಹೋಗಿ 'ಅಜಿರ್'. 'ಕರ್ನಾಟಕ' ಹೋಗಿ 'ಕನಾರ್ಟಕ'. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ಮೊದಲು ಬರಬೇಕು. ಸರಿ, ಎಲ್ಲಾ 'ರ್' ಅನ್ನೂ ಒಂದೇ ಏಟಿಗೆ ಹಿಂದಕ್ಕೆ ತಳ್ಳೋಣ ಅಂತ ಮಾಡಿದರೆ 'ಪ್ರೊಫೆಸರ್' ಅನ್ನುವುದು 'ಪ್ರೊಫೆರ್ಸ' ಆಯಿತು! ಆದ್ದರಿಂದ ಬೇರೆ ದಾರಿ ಇಲ್ಲ, ಮನುಷ್ಯರು ಕೂತು ಒಂದೊಂದು ಸಾಲು ಓದಲೇಬೇಕು. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಮೀಟಿಂಗ್‌ನಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಹೊಸದು ಬಂದ ಮೇಲೆ ಹಳೆಯ ವಿಳಾಸಗಳನ್ನು ಸುಮ್ನೆ ಬಿಟ್ಟುಬಿಡಬಾರದು. ನಮ್ಮ ಪುಟಗಳ ಲಿಂಕ್‌ಗಳು ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕೊಟ್ಟ ವರದಿಗಳಲ್ಲಿವೆ, ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪ್‌ಗಳಲ್ಲಿವೆ, ಯಾರದೋ ಪ್ರಬಂಧದ ಅಡಿಟಿಪ್ಪಣಿಯಲ್ಲಿವೆ. ಪ್ರತಿ ಹಳೆಯ ವಿಳಾಸಕ್ಕೂ ಅದರ ಹೊಸ ಪುಟ ಯಾವುದು ಅಂತ ಬರೆದು ಕೊಟ್ಟರೆ, 301 ರೀಡೈರೆಕ್ಟ್, ಅಂದರೆ ಹಳೆಯ ವಿಳಾಸ ಒತ್ತಿದವರನ್ನು ತಾನಾಗಿ ಹೊಸ ಪುಟಕ್ಕೆ ಕಳಿಸುವ ಏರ್ಪಾಡು, ಹಾಕುವುದು ಕಂಪ್ಯೂಟರ್‌ನವರಿಗೆ ಕಷ್ಟವಲ್ಲ. ಬರೆದು ಕೊಡದಿದ್ದರೆ ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸಿಬಿಡುತ್ತಾರೆ. ಸಿಲಬಸ್ ಹುಡುಕಿ ಬಂದವರು ಮುಖಪುಟ ಇಟ್ಟುಕೊಂಡು ಏನು ಮಾಡಬೇಕು?

ಹಳೆಯ ಸಿಲಬಸ್ ಯಾರಿಗೆ ಬೇಕು ಅಂತ ಅಲ್ಲೇ ಒಬ್ಬರು ಕೇಳಿದರು. ಬೇಕು ಸ್ವಾಮಿ. ನಮ್ಮ ಜಿಲ್ಲೆಯನ್ನೇ ನೋಡಿ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಆಯಿತು, ಅದಕ್ಕೂ ಮುಂಚೆ ಇಲ್ಲಿ ಡಿಗ್ರಿ ಮುಗಿಸಿದ ಎಷ್ಟೋ ಜನರ ಅಂಕಪಟ್ಟಿಯಲ್ಲಿ ಇರುವುದು ಮಂಗಳೂರು ವಿಶ್ವವಿದ್ಯಾಲಯದ ಹೆಸರು. ವಿಶ್ವವಿದ್ಯಾಲಯ ಬೇರೆಯಾದರೂ ಓದಿದವರ ಓದು ಬದಲಾಗುವುದಿಲ್ಲ. ಹೊರದೇಶಕ್ಕೆ ಹೋಗುವಾಗಲೋ, ಬೇರೆ ಕಡೆ ಸೇರುವಾಗ ತತ್ಸಮಾನ ಪ್ರಮಾಣಪತ್ರ ಕೇಳಿದಾಗಲೋ, ಓದಿದ ವರ್ಷದ ಸಿಲಬಸ್ಸನ್ನೇ ಕೇಳುತ್ತಾರೆ. ನಮ್ಮಲ್ಲಿ ಓದಿದ ಸೋಮವಾರಪೇಟೆ ಕಡೆಯ ಒಬ್ಬ ಹುಡುಗಿ ಹೋದ ವರ್ಷ ಫೋನ್ ಮಾಡಿದ್ದಳು, 2009ರ ಸಿಲಬಸ್ ಬೇಕಿತ್ತು ಸರ್ ಅಂತ. ವೆಬ್‌ಸೈಟಿನಲ್ಲಿ ಲಿಂಕ್ ಇತ್ತು, ಒತ್ತಿದರೆ ಫೈಲ್ ಇರಲಿಲ್ಲ. ಬೀರುವಿನಲ್ಲಿ ಹುಡುಕಿ ಫೋಟೋ ತೆಗೆದು ಕಳಿಸುವಷ್ಟರಲ್ಲಿ ಅವಳು ಅದನ್ನು ಕೊಡಬೇಕಾಗಿದ್ದ ಕೊನೆಯ ದಿನ ದಾಟಿತ್ತು.

ಆ ಹಾಳೆಗಳ ಫೋಟೋ ಈಗಲೂ ನನ್ನ ಫೋನಿನಲ್ಲಿವೆ. ನಾಳೆ ಕರೆಂಟ್ ಇದ್ದರೆ ಅದನ್ನೇ ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಶುರು ಮಾಡುತ್ತೇನೆ. ಅರ್ಕಾವತ್ತು ನಾನು ನೋಡಿಕೊಳ್ತೀನಿ ಮಾವ ಅಂದಿದ್ದಾಳೆ ಅಕ್ಕನ ಮಗಳು.