ಅಕ್ಕನ ಟಿಸಿ

ಗುಳೇದಗುಡ್ಡದ ನಮ್ಮ ಮನೆಯ ಟ್ರಂಕಿನಲ್ಲಿ ಒಂದು ಖಣದ (ಕುಪ್ಪಸದ ಬಟ್ಟೆ) ತುಂಡಿದೆ. ಅದರೊಳಗೆ ಮಡಚಿಟ್ಟ ಅಕ್ಕನ ಟಿಸಿ. ಏಳನೇತ್ತ ಪಾಸು ಅಂತ ಹೆಡ್‌ಮಾಸ್ತರು ನೀಲಿ ಶಾಯಿಯಲ್ಲಿ ಬರೆದುಕೊಟ್ಟದ್ದು. ಅದು ಯಾವ ಹೈಸ್ಕೂಲಿಗೂ ಹೋಗಲಿಲ್ಲ. ಅದೇ ಜೂನ್‌ನಲ್ಲಿ ಅಕ್ಕ ಅವ್ವನ ಜೊತೆ ಕಂಡಕಿ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಕೊಳವೆ, ಸುತ್ತೋಕೆ ಕೂತಳು. ಅಪ್ಪ ಕುಣಿಮಗ್ಗಕ್ಕೆ ಇಳಿದರೆ ಲಾಳಿಗೆ ಕಂಡಕಿ ಬೇಕೇ ಬೇಕು.

ಲೆಕ್ಕದಲ್ಲಿ ಅಕ್ಕ ನನಗಿಂತ ಚುರುಕು. ಓಣಿಯ ಕನ್ನಡ ಸಾಲಿ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಮಧ್ಯಾಹ್ನ ಬಂದು ನಾಲ್ಕು ಕಂಡಕಿ ಸುತ್ತಿಕೊಟ್ಟು ಮತ್ತೆ ಓಡುತ್ತಿದ್ದಳು. ಹೈಸ್ಕೂಲು ಊರಿನ ಆಚೆ ತುದಿಗೆ. "ಅಷ್ಟು ದೂರ ಒಬ್ಬಾಕೀನ ಹೆಂಗ ಕಳಸೂದು" ಅಂತ ಆಯಿ, ನಮ್ಮಜ್ಜಿ, ಅಂದಳು. ಅಷ್ಟೇ, ಮುಗಿಯಿತು. ನಾನು ಗಂಡುಮಗ, ಅದೇ ದಾರಿಯಲ್ಲಿ ಮೂರು ವರ್ಷ ನಡೆದೆ. ಆ ಸಂಕಟ ಇನ್ನೂ ಹೋಗಿಲ್ಲ.

1956ರವರೆಗೆ ನಮ್ಮ ಕಡೆ ಮುಂಬೈ ಸರ್ಕಾರ. ಆಗ ಏಳನೇತ್ತದ ಕೊನೆಗೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವರು ಸಾಲಿ ಮಾಸ್ತರರೇ ಆಗುತ್ತಿದ್ದರು. ಅಜ್ಜನ ಕಾಲಕ್ಕೆ ಅದು ದೊಡ್ಡ ಓದು. ಈಗ ಬರೀ ಏಳನೇತ್ತ ಕಟ್ಟಿಕೊಂಡು ಮಕ್ಕಳು ಏನು ಮಾಡಬೇಕು?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ 8ನೇ ತರಗತಿವರೆಗಿನ ಓದು ಹಕ್ಕು ಅನ್ನುತ್ತದೆ. ಎಷ್ಟೋ ಊರಿನ ಪ್ರಾಥಮಿಕ ಶಾಲೆಗಳಿಗೆ ಎಂಟನೇತ್ತ ಬಂದಿದೆ. ನಮ್ಮ ಓಣಿಗೆ ಬಂದಿಲ್ಲ.

"ಎಂಟು ಮುಗಿದ ಮೇಲೂ ಹೈಸ್ಕೂಲು ಅಷ್ಟೇ ದೂರ ಅಲ್ವಾ?" ಅಂತ ಗೆಳೆಯ ಕೇಳಿದ. ಹೌದು, ಅಷ್ಟೇ ದೂರ. ಆದರೆ ಆ ಹೊತ್ತಿಗೆ ಎಸ್ಸೆಸ್ಸೆಲ್ಸಿಗೆ ಎರಡೇ ವರ್ಷ ಉಳಿದಿರುತ್ತದೆ. ಹುಡುಗಿಯೂ ಒಂದು ವರ್ಷ ದೊಡ್ಡವಳಾಗಿರುತ್ತಾಳೆ. ಆಗ ಬಿಡಿಸೋಕೆ ಯಾವ ಆಯಿಗೂ ಸುಲಭಕ್ಕೆ ಮನಸ್ಸು ಬರೋಲ್ಲ.

ಸುಮ್ನೆ ಬೋರ್ಡಿನ ಮೇಲೆ 7 ಅಳಿಸಿ 8 ಬರೆದರೆ ಸಾಲದು. 6ರಿಂದ 8ಕ್ಕೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರಾದರೂ ಶಿಕ್ಷಕರಿರಬೇಕು ಅಂತ ಅದೇ ಕಾಯ್ದೆಯಲ್ಲಿದೆ. ನಮ್ಮಲ್ಲಿ ಲೆಕ್ಕ ಹೇಳೋರು ಅತಿಥಿ ಶಿಕ್ಷಕಿ. ಹೋದ ವಾರ ನೋಡಿದೆ, ಮೇಜಿನ ಮೇಲೆ ಖಣ ಹರಡಿದ್ದರು. "ಅಡ್ಡ ಎಷ್ಟು ಹೂವು? ಉದ್ದಕ್ಕೆ ಎಷ್ಟು? ಗುಣಿಸ್ರಿ." ನೇಕಾರರ ಮಕ್ಕಳು ಬಟ್ಟೆಗೆ ಮೂಗು ತಾಗಿಸಿ ಎಣಿಸುತ್ತಿದ್ದವು. ಎಂಥ ಚೆಂದದ ಪಾಠ! ಮುಂದಿನ ವರ್ಷ ಅವರು ಇಲ್ಲೇ ಇರುತ್ತಾರೆ ಅನ್ನೋ ಖಾತ್ರಿ ಮಾತ್ರ ಯಾರಿಗೂ ಇಲ್ಲ.

ಎಂಟನೇತ್ತ ಕೊಡಿ ಅಂತ ಎಸ್‌ಡಿಎಂಸಿಯಿಂದ (ಸಾಲಿಯ ಉಸ್ತುವಾರಿ ಸಮಿತಿ) ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರಿಗೆ ಅರ್ಜಿ ಬರೆದಿದ್ದೇವೆ. ನಿನ್ನೆ ಸಹಿಗೆ ಅಂತ ಅಕ್ಕನ ಮನೆಗೂ ಹೋದೆ. ಅವಳ ಮಗಳು ಈಗ ಅದೇ ಸಾಲಿಯಲ್ಲಿ ಏಳನೇತ್ತ. ಅಕ್ಕ ರಾಟಿ ನಿಲ್ಲಿಸಿ, ಕೈ ಒರೆಸಿಕೊಂಡು, ಅರ್ಜಿಯನ್ನು ಪೂರ್ತಿ ಓದಿದಳು. "ತಮ್ಮಾ, ಲೆಕ್ಕದ ಟೀಚರ್ ಬೇಕಂತ ಇದರಾಗ ಬರದೇ ಇಲ್ಲಲ್ಲೋ" ಅಂದಳು. ನಿಜ, ಬಿಟ್ಟು ಹೋಗಿತ್ತು. ಪೆನ್ನು ಇಸಕೊಂಡು ಕೆಳಗೆ ಅವಳೇ ಒಂದು ಸಾಲು ಸೇರಿಸಿದಳು. ಆಮೇಲೆ ಸಹಿ ಹಾಕಿದಳು.