ಮೀನಿಗಿಲ್ಲದ ಹೆದ್ರಿಕೆ ನನಗಂತೆ

"ಮೀನಿಗೇ ಹೆದ್ರಿಕೆ ಇಲ್ಲ, ನಿಮಗೆಂತ ಮೇಡಂ ಹೆದ್ರಿಕೆ" ಅಂತ ಕೇಳಿದ, ಸಾಗರಲೋಕ ಅಂತ ಮೀನಿನ ಶೋ ಹಾಕಿದ್ದಾರಲ್ಲ, ಅದರ ಟಿಕೆಟ್ ಕೌಂಟರಿನವ. ಕೇಳಿ ನಕ್ಕ. ಅವ ಒಬ್ಬನೇ ನಕ್ಕಿದ್ರೆ ಸುಮ್ಮನಿರ್ತಿದ್ದೆ ಮಾರ್ರೆ, ಹಿಂದೆ ಕ್ಯೂನಲ್ಲಿದ್ದವ್ರೆಲ್ಲ ನಕ್ಕದ್ದು. ಆಚೆ ಚರ್ಮುರಿಯವ ಕೂಡ. ನಮ್ಮ ನಾದಿನಿ ಕೂಡ!!

ಮನೆಗೆ ಬಂದು ಮಿಂದು, ಊಟ ಮಾಡಿ, ಲೈಟ್ ಆಫ್ ಮಾಡಿದ್ರೂ ಆ ನಗು ಕಿವಿಯಿಂದ ಹೋಗ್ತಾ ಇಲ್ಲ. ಬರೆದು ಬಿಸಾಡ್ತೇನೆ, ಇಲ್ಲದಿದ್ರೆ ಮಂಡೆ ಸರಿಯಾಗುದಿಲ್ಲ.

ನಾನು ಕೇಳಿದ್ದೆಂತ? ಗುಡುಗು ಸಿಡಿಲು ಬಂದ್ರೆ ಒಳಗಿದ್ದ ಜನರನ್ನು ಎಲ್ಲಿಗೆ ಕಳಿಸ್ತೀರಿ ಅಂತ. ಅಷ್ಟೇ. ಮೇ ತಿಂಗಳ ಕೊನೆ, ಯೆಲ್ಲೋ ಅಲರ್ಟ್ ಉಂಟು, ಘಟ್ಟದ ಬದಿಯಲ್ಲಿ ಮೋಡ ಕಪ್ಪಾಗಿ ನಿಂತಿದೆ, ಮಧ್ಯಾಹ್ನದಿಂದ ಒಂದು ಎಲೆ ಅಲ್ಲಾಡ್ತಾ ಇಲ್ಲ. ಇವರ ಸಾಗರಲೋಕ ಅಂದ್ರೆ ಎಂತ, ಕಬ್ಬಿಣದ ಕಂಬ, ಮೇಲೆ ತಗಡು, ಸುತ್ತ ಟರ್ಪಾಲು, ಒಳಗೆ ಅಕ್ರಿಲಿಕ್ ಸುರಂಗ, ತಲೆ ಮೇಲೆ ನೀರು, ನೀರಿಗೆ ಪಂಪು, ಪಂಪಿಗೆ ಜನರೇಟರು, ಆ ಜನರೇಟರಿಂದ ಬರುವ ವಯರು ಹುಲ್ಲಿನ ಮೇಲೆ ಬಿದ್ದುಕೊಂಡು ನಡುವಲ್ಲಿ ಕಪ್ಪು ಟೇಪು ಸುತ್ತಿಸಿಕೊಂಡು ಉಂಟು. ಇದನ್ನು ನೋಡಿದ ಮೇಲೂ ಕೇಳ್ಬಾರ್ದಾ? ಅರ್ತಿಂಗ್ ಉಂಟಾ ಅಂತ ಕೇಳಿದ್ದಕ್ಕೆ "ಓನರನ್ನು ಕೇಳಿ" ಅಂದ. ಓನರ್ ಎಲ್ಲಿ ಅಂದ್ರೆ "ಊರಲ್ಲಿಲ್ಲ".

ಅಷ್ಟರಲ್ಲಿ ಮಿಂಚಿತು. ನನಗೆ ಅಭ್ಯಾಸ, ಮಿಂಚಿದ ಕೂಡ್ಲೆ ಎಣಿಸ್ಲಿಕ್ಕೆ ಶುರು ಮಾಡ್ತೇನೆ, ಒಂದು, ಎರಡು, ಮೂರು… ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕ. ಮೂವತ್ತರ ಒಳಗೆ ಗುಡುಗು ಕೇಳಿದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಉಂಟು, ಪಕ್ಕಾ ಕಟ್ಟಡಕ್ಕೋ ಕಾರಿಗೋ ಹೋಗ್ಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಹೊರಗೆ ಬರ್ಬಾರ್ದು. ಇದು ನನ್ನ ಮನೆಯ ಕಾನೂನಲ್ಲ, ಲೋಕಕ್ಕೇ ಗೊತ್ತಿರುವ ವಿಷಯ. ಸ್ವಲ್ಪ ಗಟ್ಟಿಯಾಗಿ ಎಣಿಸಿರ್ಬೇಕು, ಕೌಂಟರಿನವ ಕೂಡ ಶುರು ಮಾಡಿದ. "ಏಳು… ಎಂಟು… ಒಂಬತ್ತು…" ಅಂತ ನನ್ನೊಟ್ಟಿಗೆ ರಾಗ ಎಳಿತಾ. ಹಿಂದಿನವ್ರೂ ಸೇರಿಕೊಂಡ್ರು. ಹನ್ನೆರಡಕ್ಕೆ ಗುಡುಗಿತು. ಅವ ಕೈ ಎತ್ತಿ "ಔಟ್!" ಅಂದ. ಚಪ್ಪಾಳೆ ಮಾರ್ರೆ. ಚಪ್ಪಾಳೆ! ಹನ್ನೆರಡು ಅಂದ್ರೆ ನಾಲ್ಕು ಕಿಲೋಮೀಟರ್ ಅಂತ ಹೇಳ್ಲಿಕ್ಕೆ ಬಾಯಿ ತೆರೆದೆ, ಯಾರು ಕೇಳ್ತಾರೆ.

ಆಗ ನಾದಿನಿ, "ಅತ್ತಿಗೆ, ಇದು ಒರ್ಲಾಂಡೊ ಅಲ್ಲ, ಮಂಗಳೂರು". ಮೈದುನ ಅಮೆರಿಕದ ಆ ಒರ್ಲಾಂಡೊದಲ್ಲಿ ಇದ್ದಾನಲ್ಲ, ಹೋದ ವರ್ಷ ಪೂರ್ತಿ ಅದನ್ನೇ ಕೊರೆದದ್ದು, ಅಲ್ಲಿಯ ಸಮುದ್ರಜೀವಿಗಳ ಪಾರ್ಕು ಸೀವರ್ಲ್ಡ್‌ನಲ್ಲಿ ಗುಡುಗಿದ್ರೆ ಹೊರಗಿನ ರೈಡ್ ಎಲ್ಲ ನಿಲ್ಲಿಸ್ತಾರೆ, 2024ರ ಅಕ್ಟೋಬರಲ್ಲಿ ಮಿಲ್ಟನ್ ಚಂಡಮಾರುತ ಬರುವಾಗ ಪಾರ್ಕೇ ಬಂದ್ ಮಾಡಿದ್ರು ಅಂತ. ಅವ ಹೇಳಿದ್ರೆ ಜ್ಞಾನ, ನಾನು ಹೇಳಿದ್ರೆ ಕಿರಿಕಿರಿ. ಮಂಗಳೂರಿಗೆ ಬರ್ಲಿಕ್ಕೆ ಸಿಡಿಲಿಗೆ ವೀಸಾ ಬೇಕಾ? ಮಲ್ಪೆಯಲ್ಲಿ 2022ರ ಮೇಯಲ್ಲಿ ತೇಲುವ ಸೇತುವೆ ಉದ್ಘಾಟನೆಯಾಗಿ ವಾರ ತುಂಬುವ ಮೊದ್ಲೇ ಅಲೆ ಬಂದು ಬಿಡಿಬಿಡಿ ಮಾಡಿದ್ದು ಎಲ್ಲರೂ ಮರೆತ್ರಾ? ಜೂನ್ ಜುಲೈಯಲ್ಲಿ ನಮ್ಮಲ್ಲಿ ಮಳೆ ಜೋರು, ಸಿಡಿಲು ಅಷ್ಟಿಲ್ಲ. ಸಿಡಿಲಿನ ಕಾಟ ಏಪ್ರಿಲ್ ಮೇಯಲ್ಲೇ, ಮತ್ತೆ ಅಕ್ಟೋಬರ್ ನವೆಂಬರಲ್ಲಿ. ಸರಿಯಾಗಿ ಇದೇ ಟೈಮಿಗೆ ಶಾಲೆಗೆ ರಜೆ ಅಂತ ತಗಡಿನ ಕೆಳಗೆ ಜಾತ್ರೆ ಮಾಡುದು. ಅಲರ್ಟ್ ಅಂದ್ರೆ ನಮ್ಮವರಿಗೆ ಒಂದೇ ಪ್ರಶ್ನೆ, ಡಿಸಿ ರಜೆ ಕೊಟ್ರಾ ಇಲ್ವಾ.

ನಾನು ಮಕ್ಕಳನ್ನು ಎಳ್ಕೊಂಡು ಬಂದು ಕಾರಲ್ಲಿ ಕೂತೆ. ಗ್ಲಾಸ್ ಎಲ್ಲ ಏರಿಸಿ. ಇಬ್ಬರೂ ಅಳು. ದಾಮಿನಿ ಆ್ಯಪಲ್ಲಿ ಮ್ಯಾಪ್ ತೋರಿಸಿದೆ, ನೋಡು ಮಗ ಇಲ್ಲಿ ಸಿಡಿಲು ಬಿದ್ದಿದೆ ಅಂತ. "ನಂಗೆ ಡಾಲ್ಫಿನ್ ಬೇಕು" ಅಂತ ಇನ್ನೂ ಜೋರು. ಡಾಲ್ಫಿನ್ ಅಲ್ಲಿ ಇಲ್ವೇ ಇಲ್ಲ! 2013ರಲ್ಲೇ ಸರ್ಕಾರ ಇಡೀ ದೇಶದಲ್ಲಿ ಡಾಲ್ಫಿನ್ ಶೋ ಬೇಡ ಅಂತ ಹೇಳಿ ಆಗಿದೆ, ಇವರು ಗೇಟಲ್ಲಿ ಹಾರುವ ಡಾಲ್ಫಿನಿನ ಫ್ಲೆಕ್ಸ್ ಕಟ್ಟಿದ್ದಾರೆ. ಒಳಗೆ ಹೋಗಿ ಬಂದ ಅತ್ತೆ ಹೇಳಿದ್ದು, ಶಾರ್ಕ್ ಅಂತ ತೋರಿಸುದು ಶಾರ್ಕೂ ಅಲ್ಲ ಎಂತದೂ ಅಲ್ಲ, ಸಿಹಿನೀರಿನ ಮೀಸೆ ಮೀನು ಅಂತ. ಮಾರ್ಕೆಟಲ್ಲಿ ಕಿವಿರು ಎತ್ತಿ ನೋಡದೆ ಬಂಗುಡೆ ತಗೊಳ್ಳದ ಹೆಂಗಸು, ಅವರ ಮಾತು ನಾನು ನಂಬ್ತೇನೆ.

ಮತ್ತೆ ಎಂತ ಆಯ್ತು ಗೊತ್ತುಂಟಾ? ಎಂತದೂ ಆಗ್ಲಿಲ್ಲ. ಹತ್ತು ಹನಿ ಬಿತ್ತು, ಮೋಡ ಎತ್ಲಾಗೋ ಹೋಯ್ತು. ಎಲ್ಲರೂ ಬೊಂಬಾಯಿ ಮಿಠಾಯಿ ತಿಂತಾ, ಸೆಲ್ಫಿ ತೆಕ್ಕೊಳ್ತಾ ಹೊರಗೆ ಬಂದ್ರು, ನಾವು ಆವಿ ಹಿಡಿದ ಗ್ಲಾಸಿನ ಒಳಗೆ. ಆಗ್ಬೇಕಿತ್ತು ಅಂತ ಅಲ್ಲ ಮಾರ್ರೆ, ದೇವರೇ, ಹಾಗೆ ಯೋಚನೆ ಕೂಡ ಮಾಡ್ಲಿಕ್ಕಿಲ್ಲ. ಆದ್ರೂ ಒಂದು… ಒಂದು ಕರೆಂಟಾದ್ರೂ ಹೋಗ್ಬಾರ್ದಿತ್ತಾ?

ನನ್ನ ಅವಸ್ಥೆಯೂ ಕೇಳಿ. ಬ್ಯಾಗಲ್ಲಿ ಎಲ್ಲರಿಗೂ ರೈನ್‌ಕೋಟು, ಟಾರ್ಚು, ಪವರ್ ಬ್ಯಾಂಕು, ಓಆರ್‌ಎಸ್. ಫ್ರಿಜ್ಜಿಗೆ ಅಂಟಿಸಿದ ಟೈಮ್ ಟೇಬಲ್ಲು: ನಾಲ್ಕಕ್ಕೆ ಟಿಕೆಟ್, ಐದರ ಒಳಗೆ ಹೊರಗೆ, ಐದೂಕಾಲಕ್ಕೆ ಗೋಳಿಬಜೆ. ಮನೆಯಲ್ಲಿ ನನ್ನ ಹೆಸ್ರೇ ಹವಾಮಾನ ಇಲಾಖೆ. ಗೋಳಿಬಜೆ ಕೂಡ ಸಿಗ್ಲಿಲ್ಲ, ಹೋಗುವಾಗ ಮುಗ್ದಿತ್ತು.

ಟಿಕೆಟ್ ದುಡ್ಡು ಕೇಳ್ಲಿಕ್ಕೆ ಪುನಃ ಕೌಂಟರಿಗೆ ಹೋದೆ. "ಶೋ ನಡೆದಿದೆ, ನೀವು ನೋಡ್ಲಿಲ್ಲ ಅಷ್ಟೇ" ಅಂದ. ಹೌದು, ಅವನಿಗೆ ಎಂತ ಹೇಳುದು, ದಿನಗೂಲಿಗೆ ಬಂದ ಹುಡುಗ, ಬಿಸಿಲು ಮಳೆ ಅಂತ ಇಲ್ಲದೆ ಅದೇ ತಗಡಿನ ಕೆಳಗೆ ಕೂತಿರ್ತಾನೆ, ಸಿಡಿಲು ಬಿದ್ರೆ ಮೊದ್ಲು ಅವನಿಗೇ. ಬಿಡುವ. ಬಿಡುದೆಂತ, "ಔಟ್" ಅಂದದ್ದನ್ನು ಬಿಡ್ಲಿಕ್ಕಾಗ್ತದಾ?

ಯಾರಾದ್ರೂ ಒಬ್ರು ಹೇಳಿ. ಇಂಥದ್ದಕ್ಕೆ ಪರ್ಮಿಷನ್ ಕೊಡುವಾಗ ಆ ವಯರನ್ನು ನೋಡುದು ಯಾರು? ಗಾಳಿಗೆ ಶೀಟು ನಿಲ್ತದಾ ಅಂತ ಹತ್ತಿ ನೋಡುದು ಯಾರು? ಗುಡುಗುವಾಗ ಮೈಕಲ್ಲಿ "ಎಲ್ಲರೂ ಹೊರಗೆ ಬನ್ನಿ" ಅಂತ ಹೇಳ್ಲಿಕ್ಕೆ ಒಬ್ಬ ಮನುಷ್ಯ ಇರ್ಬೇಕಾ ಬೇಡ್ವಾ? ಮೈಕ್ ಅಂತೂ ಉಂಟು, ಇಡೀ ಸಂಜೆ ಮತ್ಸ್ಯಕನ್ಯೆ ಮತ್ಸ್ಯಕನ್ಯೆ ಅಂತ ಬೊಬ್ಬೆ ಹೊಡೆದದ್ದು ಅದರಲ್ಲೇ.

ಇನ್ನು ಈ ಜನ್ಮದಲ್ಲಿ ನಾನು ಅತ್ಲಾಗೆ ಕಾಲಿಡುದಿಲ್ಲ.

ಈಗ ನೋಡಿದೆ, ಫ್ಯಾಮಿಲಿ ಗ್ರೂಪಲ್ಲಿ ನಾದಿನಿ "ಭಾನುವಾರ ಮಕ್ಕಳನ್ನು ಪುನಃ ಕರ್ಕೊಂಡು ಹೋಗುವ, ಪಾಪ" ಅಂತ ಹಾಕಿದ್ದಾಳೆ. ಎಲ್ಲರದ್ದೂ ಥಂಬ್ಸಪ್ ಬಿದ್ದಾಯ್ತು, ಇವರದ್ದೂ. ಟಿಕೆಟ್ ದುಡ್ಡು ನನ್ನ ಜಿಪೇಯಿಂದ್ಲೇ ಅಂತೆ, ಪ್ಲಾನ್ ಮಾಡ್ಲಿಕ್ಕೆ ನಾನೇ ಸರಿ ಅಂತೆ.